ಕಾಮಿಕ್ಸ್ ಪ್ಯಾನೆಲ್ ಜೋಡಣೆ: ಅಚ್ಚಿನ ಪುಟಕ್ಕೆ ಒಂದು ಲೆಕ್ಕ, ಸ್ಕ್ರೋಲ್‌ಗೆ ಇನ್ನೊಂದು

"ಪುಸ್ತಕಕ್ಕೆ ಬಿಡಿಸಿದ ಪುಟಗಳನ್ನು ಹಾಗೇ ಮೊಬೈಲ್‌ಗೆ ಹಾಕಿದರೆ ಯಾಕೆ ಯಾರೂ ಪೂರ್ತಿ ಓದುವುದಿಲ್ಲ?" "ವೆಬ್‌ಟೂನ್ ಮುಗಿದಿದೆ, ಪ್ಯಾನೆಲ್‌ಗಳನ್ನೆಲ್ಲ ಪುಟಕ್ಕೆ ಕೂರಿಸಿಬಿಟ್ಟರೆ ಪುಸ್ತಕ ಆಗುತ್ತದಲ್ಲವೇ?" ಕಾಮಿಕ್ಸ್ ಮಾಡಲು ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. (ವೆಬ್‌ಟೂನ್ ಎಂದರೆ ಪರದೆಯಲ್ಲಿ ಮೇಲಿನಿಂದ ಕೆಳಕ್ಕೆ ಸ್ಕ್ರೋಲ್ ಮಾಡುತ್ತಾ ಓದುವ ಕಾಮಿಕ್ಸ್.) ಎರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ: ಓದುವವರ ಕಣ್ಣಿಗೆ ಒಂದು ಸಲಕ್ಕೆ ಎಷ್ಟು ಕಾಣುತ್ತದೆ ಎಂಬುದರಲ್ಲಿ.

ಪುಸ್ತಕ ತೆರೆದರೆ ಎದುರುಬದುರಿನ ಎರಡೂ ಪುಟಗಳು ಒಟ್ಟಿಗೆ ಕಾಣುತ್ತವೆ. ಮೊದಲ ಪ್ಯಾನೆಲ್ ಓದುವ ಮುಂಚೆಯೇ ಬಲಪುಟದ ಮೂಲೆಯಲ್ಲಿರುವ ಸ್ಫೋಟ ಕಣ್ಣಿಗೆ ಬಿದ್ದಿರುತ್ತದೆ. ಮೊಬೈಲ್‌ನಲ್ಲಿ ಕಾಣುವುದು ಉದ್ದನೆಯ ಪಟ್ಟಿಯ ಒಂದು ತುಂಡು ಮಾತ್ರ. ಕಂತಿನ ಪೂರ್ತಿ ಆಕಾರ ಓದುಗರಿಗೆ ಎಂದೂ ಕಾಣುವುದಿಲ್ಲ. ಪ್ಯಾನೆಲ್‌ನ ಗಾತ್ರ, ನಡುವಿನ ಜಾಗ, ಮಾತು ಎಲ್ಲಿ ಬರಬೇಕು, ಗುಟ್ಟು ಎಲ್ಲಿ ಒಡೆಯಬೇಕು, ಎಲ್ಲವೂ ಈ ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಮೊದಲು ಕೆಲವು ಪದಗಳು. ಪ್ಯಾನೆಲ್ ಎಂದರೆ ಒಂದು ಚೌಕಟ್ಟಿನ ಚಿತ್ರ. ಗಟರ್ ಎಂದರೆ ಎರಡು ಪ್ಯಾನೆಲ್‌ಗಳ ನಡುವಿನ ಖಾಲಿ ಜಾಗ. ಸ್ಪ್ರೆಡ್ ಎಂದರೆ ತೆರೆದಿಟ್ಟ ಎರಡು ಪುಟಗಳ ಜೋಡಿ. ಅಚ್ಚಾದ ಮೇಲೆ ಕಾಗದವನ್ನು ಕತ್ತರಿಸುವ ಗೆರೆಗೆ ಟ್ರಿಮ್ ಎನ್ನುತ್ತಾರೆ. ಕತ್ತರಿ ಸ್ವಲ್ಪ ಆಚೀಚೆ ಆದರೂ ಬಿಳಿ ಅಂಚು ಕಾಣದಿರಲಿ ಎಂದು ಟ್ರಿಮ್‌ನಾಚೆಗೂ ಚಿತ್ರವನ್ನು ಮುಂದುವರಿಸುವುದು ಬ್ಲೀಡ್. ಥಂಬ್‌ನೇಲ್ ಎಂದರೆ ಬೆರಳುದ್ದದ ಕರಡು ಚಿತ್ರ. ಕಡ್ಡಿ ಮನುಷ್ಯರಿದ್ದರೂ ಸಾಕು.

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ಪೆನ್ಸಿಲ್, ಖಾಲಿ ಹಾಳೆಗಳು, ಲೇಯರ್ (ಒಂದರ ಮೇಲೊಂದು ಇಟ್ಟು ಬೇರೆ ಬೇರೆಯಾಗಿ ತಿದ್ದಬಹುದಾದ ಪದರ) ಸೌಲಭ್ಯವಿರುವ ಯಾವುದಾದರೂ ಚಿತ್ರಕಲೆಯ ಆ್ಯಪ್, ಪರೀಕ್ಷೆಗೊಂದು ಸಾಧಾರಣ ಮೊಬೈಲ್.

ಹಂತ 1: ಯಾವುದು ಮೊದಲು ಎಂದು ತೀರ್ಮಾನಿಸಿ, ಅಳತೆ ಹಾಕಿ

ಪುಸ್ತಕ, ಮೊಬೈಲ್ ಎರಡಕ್ಕೂ ಒಟ್ಟಿಗೆ ಹೊಂದುವ ಜೋಡಣೆ ಮಾಡುತ್ತೇನೆ ಎಂದು ಹೊರಟರೆ ಎರಡರಲ್ಲೂ ಸಪ್ಪೆಯಾಗುತ್ತದೆ. ಒಂದನ್ನು ಮೊದಲು ಮಾಡಿ, ಇನ್ನೊಂದಕ್ಕೆ ಆಮೇಲೆ ಬದಲಿಸಿಕೊಳ್ಳಿ. ಬದಲಿಸಲು ಅನುಕೂಲವಾಗುವಂತೆ ಕಡತಗಳನ್ನು ಮಾತ್ರ ಮೊದಲೇ ಸಿದ್ಧ ಮಾಡಿಕೊಂಡಿರಬೇಕು.

ಅಚ್ಚಿಗೆ: ಎ5 ಪುಟ 148 × 210 ಮಿ.ಮೀ. ಸುತ್ತಲೂ 3 ಮಿ.ಮೀ. ಬ್ಲೀಡ್ ಸೇರಿದರೆ 154 × 216 ಮಿ.ಮೀ. ಇದು 300 ಡಿಪಿಐನಲ್ಲಿ (ಒಂದು ಇಂಚಿಗೆ 300 ಚುಕ್ಕೆ) 1819 × 2551 ಪಿಕ್ಸೆಲ್ ಆಗುತ್ತದೆ. ಬಣ್ಣದ ಕೆಲಸಕ್ಕೆ ಇಷ್ಟು ಸಾಕು. ಬರೀ ಕಪ್ಪು ಗೆರೆಯ ಕೆಲಸವಾದರೆ 600 ಡಿಪಿಐ ಬೇಕು, ಇಲ್ಲದಿದ್ದರೆ ಗೆರೆಯ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಟ್ರಿಮ್‌ನಿಂದ ಒಳಕ್ಕೆ ಕನಿಷ್ಠ 6 ಮಿ.ಮೀ. ಬಿಟ್ಟು ಮುಖ, ಮಾತುಗಳನ್ನಿಡಿ. ಬೆನ್ನಿಗೆ ಅಂಟು ಹಾಕಿ ಕಟ್ಟುವ ದಪ್ಪ ಪುಸ್ತಕವಾದರೆ ಕಟ್ಟುವ ಬದಿ 10 ಮಿ.ಮೀ.ಗಿಂತ ಹೆಚ್ಚು ಬಿಡಿ, ಅಷ್ಟು ಜಾಗ ಮಡಿಕೆಯೊಳಗೆ ಸೇರಿಹೋಗುತ್ತದೆ.

ಸ್ಕ್ರೋಲ್‌ಗೆ: ಯಾರು ಬೇಕಾದರೂ ತಮ್ಮ ಕಾಮಿಕ್ಸ್ ಹಾಕಬಹುದಾದ ವೆಬ್‌ಟೂನ್ ಕ್ಯಾನ್ವಾಸ್ ತಾಣದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು 800 ಪಿಕ್ಸೆಲ್ ಅಗಲ, ಒಂದೊಂದು ತುಂಡಿಗೆ 1280 ಪಿಕ್ಸೆಲ್ ಎತ್ತರ. ಆದರೆ 800ರಲ್ಲೇ ಬಿಡಿಸಬೇಡಿ. 800 ಪಿಕ್ಸೆಲ್ ಚಿತ್ರವನ್ನು 300 ಡಿಪಿಐನಲ್ಲಿ ಅಚ್ಚು ಹಾಕಿದರೆ ಅಗಲ ಸಿಗುವುದು ಬರೀ 6.8 ಸೆಂ.ಮೀ. ಮುಂದೊಂದು ದಿನ ಪುಸ್ತಕ ಮಾಡುವ ಆಸೆಯಿದ್ದರೆ 2400 ಪಿಕ್ಸೆಲ್ ಅಗಲದಲ್ಲಿ ಬಿಡಿಸಿ, ಕೊನೆಗೆ ಮೂರನೇ ಒಂದರಷ್ಟಕ್ಕೆ ಇಳಿಸಿ.

ಎಚ್ಚರ: ಫೋಟೋಶಾಪ್‌ನ ಪಿಎಸ್‌ಡಿ ಕಡತದ ಗರಿಷ್ಠ ಎತ್ತರ 30,000 ಪಿಕ್ಸೆಲ್. 2400 ಅಗಲದಲ್ಲಿ ಬಿಡಿಸಿದರೆ, 800ಕ್ಕೆ ಇಳಿಸಿದಾಗ ಅದರಿಂದ ಸಿಗುವುದು 10,000 ಪಿಕ್ಸೆಲ್ ಎತ್ತರ ಮಾತ್ರ. ಒಂದು ಕಂತು ಸಲೀಸಾಗಿ ಅದಕ್ಕಿಂತ ಉದ್ದ ಹೋಗುತ್ತದೆ. ಮೊದಲೇ ಮೂರ್ನಾಲ್ಕು ಕಡತಗಳಾಗಿ ಒಡೆದುಕೊಳ್ಳಿ.

ಹಂತ 2: ಸನ್ನಿವೇಶವನ್ನು ಕ್ಷಣಗಳಾಗಿ ಒಡೆಯಿರಿ

ಪ್ಯಾನೆಲ್ ಬಗ್ಗೆ ಯೋಚಿಸುವ ಮುಂಚೆ, ಏನೇನು ನಡೆಯುತ್ತದೆ ಎಂದು ಸಾಲು ಸಾಲಾಗಿ ಬರೆಯಿರಿ. ಒಂದು ಸಾಲಿಗೆ ಒಂದೇ ಕ್ರಿಯೆ. ಈ ಆರು ಸಾಲುಗಳನ್ನು ತೆಗೆದುಕೊಳ್ಳಿ:

ಅ. ರಾತ್ರಿ, ಹುಡುಗಿಯೊಬ್ಬಳು ದೀಪದ ಬೆಳಕಿನಲ್ಲಿ ಓದುತ್ತಿದ್ದಾಳೆ.
ಆ. ಬಾಗಿಲು ತಟ್ಟಿದ ಸದ್ದು. ತಲೆ ಎತ್ತುತ್ತಾಳೆ.
ಇ. ಕತ್ತಲಲ್ಲಿ ಬಾಗಿಲಿನತ್ತ ನಡೆಯುತ್ತಾಳೆ.
ಈ. ಚಿಲಕದ ಮೇಲೆ ಕೈ.
ಉ. ಬಾಗಿಲು ಸ್ವಲ್ಪ ತೆರೆದಿದೆ. ಅವಳ ಮುಖದಲ್ಲಿ ದಿಗಿಲು.
ಊ. ಹೊರಗೆ, ಸತ್ತನೆಂದುಕೊಂಡಿದ್ದ ಅಣ್ಣ ನಿಂತಿದ್ದಾನೆ.

ಈಗ ಎರಡು ಗುರುತು ಹಾಕಿ. ಓದುಗರು ಎಲ್ಲಿ ನಿಧಾನಿಸಬೇಕು? ಇಲ್ಲಿ 'ಇ' ಮತ್ತು 'ಈ'. ಮುಂಚಿತವಾಗಿ ಕಾಣಲೇಬಾರದ್ದು ಯಾವುದು? ಊ. ಉಳಿದ ಜೋಡಣೆಯೆಲ್ಲ ಈ ಎರಡು ಗುರುತುಗಳನ್ನು ಕಾಪಾಡುವ ಕೆಲಸ.

ಹಂತ 3: ಪುಟದ ಮೇಲೆ ಜೋಡಿಸುವುದು

ನಮ್ಮ ಓದು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ. ಜಪಾನಿನ ಮಾಂಗಾ ಪುಟಗಳು ಬಲದಿಂದ ಎಡಕ್ಕೆ ಸಾಗುತ್ತವೆ. ಅವುಗಳ ಜೋಡಣೆ ನೋಡಿ ಕಲಿಯುವವರು ಕನ್ನಡಿಯಲ್ಲಿ ನೋಡಿದಂತೆ ಅದಲುಬದಲು ಮಾಡಿಕೊಳ್ಳಬೇಕು. ಅದನ್ನು ಮರೆತು ನಕಲು ಮಾಡಿದ ಪುಟದಲ್ಲಿ ಮಾತುಗಳ ಕ್ರಮವೇ ತಲೆಕೆಳಗಾಗುತ್ತದೆ.

ಒಂದು ಪುಟಕ್ಕೆ 4ರಿಂದ 7 ಪ್ಯಾನೆಲ್ ಹಿತ. 9 ಪ್ಯಾನೆಲ್‌ಗಳ ಸಮ ಚೌಕಗಳೂ ಕೆಲಸ ಮಾಡುತ್ತವೆ, ಮಾತು ಚಿಕ್ಕದಾಗಿದ್ದರೆ. ಹೊಸಬರು ಹೆಚ್ಚಾಗಿ ಎಡವುವುದು ಗಟರ್‌ನಲ್ಲಿ: ಎಲ್ಲ ಕಡೆ ಒಂದೇ ಅಗಲ ಇಟ್ಟುಬಿಡುತ್ತಾರೆ. ಒಂದೇ ಸಾಲಿನ ಪ್ಯಾನೆಲ್‌ಗಳ ನಡುವೆ 2–3 ಮಿ.ಮೀ., ಸಾಲು ಸಾಲುಗಳ ನಡುವೆ 5–6 ಮಿ.ಮೀ. ಬಿಟ್ಟು ನೋಡಿ. ಹತ್ತಿರ ಇರುವುದನ್ನು ಕಣ್ಣು ತಾನಾಗಿ ಒಂದು ಗುಂಪೆಂದು ಹಿಡಿಯುತ್ತದೆ, ಸಾಲು ಮುಗಿಯುವ ತನಕ ಕೆಳಗೆ ಜಾರುವುದಿಲ್ಲ.

ಇನ್ನೊಂದು ಪಕ್ಕಾ ಗೊಂದಲದ ಜೋಡಣೆ ಇದೆ. ಎಡಕ್ಕೆ ಒಂದರ ಕೆಳಗೊಂದು ಎರಡು ಸಣ್ಣ ಪ್ಯಾನೆಲ್, ಬಲಕ್ಕೆ ಆ ಎರಡರಷ್ಟೂ ಎತ್ತರದ ಒಂದು ಪ್ಯಾನೆಲ್. ಮೊದಲನೆಯದನ್ನು ಓದಿದವರು ಬಲಕ್ಕೆ ಹೋಗಬೇಕೋ, ಕೆಳಗಿಳಿಯಬೇಕೋ? ಕೆಲವರು ಹಾಗೆ ಹೋಗುತ್ತಾರೆ, ಕೆಲವರು ಹೀಗೆ. ಎತ್ತರದ್ದನ್ನು ಎಡಕ್ಕೆ ಹಾಕಿ, ಸಣ್ಣ ಎರಡನ್ನು ಬಲಕ್ಕೆ ತಂದರೆ ಸಮಸ್ಯೆಯೇ ಇರುವುದಿಲ್ಲ. ಹಾಗೆ ಮಾಡಲಾಗದಿದ್ದರೆ, ಒಂದನೆಯ ಪ್ಯಾನೆಲ್‌ನ ಮಾತಿನ ಗುಳ್ಳೆಯನ್ನು ಗಟರ್ ದಾಟಿಸಿ ಎರಡನೆಯದರೊಳಗೆ ಇಳಿಸಿ. ಕಣ್ಣು ಗುಳ್ಳೆಯ ಹಿಂದೆ ಹೋಗುತ್ತದೆ. ಬಾಣದ ಗುರುತು ಹಾಕುವ ಪರಿಸ್ಥಿತಿ ಬಂದರೆ ಆ ಪುಟವನ್ನು ಹೊಸದಾಗಿಯೇ ಜೋಡಿಸಿ.

ಈಗ ಪುಟ ತಿರುವುವ ವಿಷಯ. ಪುಸ್ತಕದ 1ನೇ ಪುಟ ಬಲಗಡೆ ಇರುತ್ತದೆ. 2–3 ಒಂದು ಸ್ಪ್ರೆಡ್, 4–5 ಒಂದು ಸ್ಪ್ರೆಡ್. ಅಂದರೆ ಓದುಗರು ಹಾಳೆ ತಿರುವುವುದು ಯಾವಾಗಲೂ ಬೆಸ ಪುಟ ಮುಗಿದ ಮೇಲೆ. ಬಚ್ಚಿಟ್ಟ ಸಂಗತಿ ಬಯಲಾಗಬೇಕಾದದ್ದು ಸಮ ಸಂಖ್ಯೆಯ ಪುಟದ ತಲೆಯಲ್ಲಿ. ನಮ್ಮ ಸನ್ನಿವೇಶದಲ್ಲಿ 'ಅ' ಪುಟದಗಲದ ಪ್ಯಾನೆಲ್. 'ಆ', 'ಇ' ಎರಡನೇ ಸಾಲು. ಕೆಳಗಿನ ಸಾಲಿನಲ್ಲಿ 'ಈ' ಚಿಕ್ಕದು, 'ಉ' ದೊಡ್ಡದು. ಇಷ್ಟೆಲ್ಲ ಇರುವ ಪುಟ 7 ಆಗಿರಲಿ. 'ಊ' 8ನೇ ಪುಟದ ಮೇಲರ್ಧ. ಇದೇ ಜೋಡಣೆ 6 ಮತ್ತು 7ರಲ್ಲಿ ಬಂದರೆ ಬಾಗಿಲು ತಟ್ಟುವ ಮುಂಚೆಯೇ ಅಣ್ಣ ಕಂಡುಬಿಡುತ್ತಾನೆ.

ಎಚ್ಚರ: ಕೊನೆಯ ಗಳಿಗೆಯಲ್ಲಿ ಮುನ್ನುಡಿಯ ಒಂದು ಪುಟ ಸೇರಿಸಿದರೆ ಪುಸ್ತಕದ ಬೆಸ–ಸಮ ಎಲ್ಲ ಪಲ್ಲಟವಾಗುತ್ತದೆ. ಸೇರಿಸುವುದಿದ್ದರೆ ಎರಡು ಪುಟ ಸೇರಿಸಿ. ಪಿನ್ ಹೊಡೆದು ಕಟ್ಟುವ ಪುಸ್ತಕದ ಒಟ್ಟು ಪುಟಗಳು ನಾಲ್ಕರ ಗುಣಕದಲ್ಲಿರಬೇಕು ಎನ್ನುವುದೂ ನೆನಪಿರಲಿ.

ಹಂತ 4: ಸ್ಕ್ರೋಲ್‌ನಲ್ಲಿ ಜೋಡಿಸುವುದು

ಮೇಲಿನಿಂದ ಕೆಳಗಿಳಿಯುವ ಈ ರೂಪ ಬೆಳೆದದ್ದು ದಕ್ಷಿಣ ಕೊರಿಯಾದಲ್ಲಿ. ಅಲ್ಲಿನ ಅಂತರ್ಜಾಲ ಕಂಪನಿಗಳಾದ ಡೌಮ್ 2003ರಲ್ಲಿ, ನೇವರ್ 2004ರಲ್ಲಿ ತಮ್ಮ ಜಾಲತಾಣಗಳಲ್ಲಿ ವೆಬ್‌ಟೂನ್ ಶುರು ಮಾಡಿದಾಗ ಓದುತ್ತಿದ್ದವರ ಕೈಯಲ್ಲಿ ಇದ್ದದ್ದು ಕಂಪ್ಯೂಟರಿನ ಮೌಸ್. ಸ್ಮಾರ್ಟ್‌ಫೋನ್ ಬಂದ ಮೇಲೆ ಆ ರೂಪ ಬೆರಳಿಗೂ ಚೆನ್ನಾಗಿ ಒಗ್ಗಿತು.

ಮೊದಲು ನಿಮ್ಮ ಅಳತೆಗೋಲು ಗೊತ್ತಿರಲಿ. 20:9 ಪ್ರಮಾಣದ ಮೊಬೈಲ್ ಪರದೆಯಲ್ಲಿ 800 ಅಗಲದ ಚಿತ್ರದ ಸುಮಾರು 1780 ಪಿಕ್ಸೆಲ್ ಎತ್ತರ ಒಂದು ಸಲಕ್ಕೆ ಕಾಣುತ್ತದೆ. ಆ್ಯಪ್‌ನ ಮೇಲಿನ, ಕೆಳಗಿನ ಪಟ್ಟಿಗಳನ್ನು ಕಳೆದರೆ 1500ರ ಆಸುಪಾಸು. ಮುಂದಿನ ಅಂಕಿಗಳೆಲ್ಲ 800 ಅಗಲದ ಲೆಕ್ಕ. ನೀವು 2400ರಲ್ಲಿ ಬಿಡಿಸುತ್ತಿದ್ದರೆ ಮೂರರಿಂದ ಗುಣಿಸಿಕೊಳ್ಳಿ.

ಪುಟದಲ್ಲಿ ಪ್ಯಾನೆಲ್‌ನ ಗಾತ್ರ, ಸಂಖ್ಯೆಗಳಿಂದ ಹುಟ್ಟುವ ಕಾಲದ ಅನುಭವ ಇಲ್ಲಿ ಖಾಲಿ ಜಾಗದಿಂದ ಹುಟ್ಟುತ್ತದೆ. ಮಾತಿಗೆ ಮಾತು ಬರುವಲ್ಲಿ 150–250 ಪಿಕ್ಸೆಲ್ ಸಾಕು. ಒಂದು ಉಸಿರು ಬಿಡುವಷ್ಟು ವಿರಾಮಕ್ಕೆ 400–500. ಸ್ಥಳ ಅಥವಾ ದಿನ ಬದಲಾದರೆ 800–1000, ಜೊತೆಗೆ ಹಿನ್ನೆಲೆಯ ಬಣ್ಣವೂ ಬದಲಾದರೆ ಒಳ್ಳೆಯದು. ಬಿಳಿಯಿಂದ ನಿಧಾನಕ್ಕೆ ಕಪ್ಪಿಗೆ ತಿರುಗುವ ಪಟ್ಟಿ ಇದ್ದರೆ "ರಾತ್ರಿಯಾಯಿತು" ಎಂದು ಬರೆಯಬೇಕಾಗಿಯೇ ಇಲ್ಲ. ಇವು ಶುರು ಮಾಡಲು ಸಿಗುವ ಅಂಕಿಗಳಷ್ಟೇ, ನಿಮ್ಮ ಕತೆಯ ನಡಿಗೆಗೆ ತಕ್ಕಂತೆ ಹಿಗ್ಗಿಸಿ, ಕುಗ್ಗಿಸಿ. ಎಲ್ಲ ಕಡೆಯೂ ಒಂದೇ ಅಳತೆ ಇಟ್ಟರೆ ಮಾತ್ರ ಜಗಳವೂ ಮೌನವೂ ಒಂದೇ ವೇಗದಲ್ಲಿ ಓಡುತ್ತವೆ.

ಅದೇ ಸನ್ನಿವೇಶ ಇಲ್ಲಿ ಹೇಗೆ ಇಳಿಯುತ್ತದೆ ನೋಡಿ. ಅ: 800 × 1000. ಕೆಳಗೆ 500ರ ಖಾಲಿ ಜಾಗ, ಅದರ ನಡುವೆ ಚೌಕಟ್ಟಿಲ್ಲದೆ "ಟಕ್ ಟಕ್" ಮಾತ್ರ. ಸದ್ದು ಖಾಲಿ ಜಾಗದಲ್ಲೇ ಇರುವುದರಿಂದ ಅವಳ ಜೊತೆ ಓದುಗರಿಗೂ ಅದು ಥಟ್ಟನೆ ಕೇಳಿಸುತ್ತದೆ. ಆ: ತಲೆ ಎತ್ತಿದ ಮುಖ, 800 × 700. ಇ: ಇದನ್ನು 800 × 2200ರ ಉದ್ದನೆಯ ಪ್ಯಾನೆಲ್ ಮಾಡಿ. ತುದಿಯಲ್ಲಿ ಅವಳ ಬೆನ್ನು, ನಡುವೆ ಕತ್ತಲು, ಬುಡದಲ್ಲಿ ಬಾಗಿಲು. ಪರದೆಯಲ್ಲಿ ಕಾಣುವುದು 1500 ಮಾತ್ರ ಆದ್ದರಿಂದ ಅವಳು ಕಾಣುವಾಗ ಬಾಗಿಲು ಕಾಣದು, ಬಾಗಿಲು ಪೂರ್ತಿ ಕಾಣುವಾಗ ಅವಳು ಮೇಲೆ ಸರಿದಿರುತ್ತಾಳೆ. ಆ ದೂರವನ್ನು ಓದುಗರ ಹೆಬ್ಬೆರಳೇ ನಡೆಯುತ್ತದೆ. ಈ: 450 × 450ರ ಸಣ್ಣ ಪ್ಯಾನೆಲ್, ಸುತ್ತ ಖಾಲಿ. ಉ: 800 × 900. ಇದರ ಕೆಳಗೆ 1000 ಪಿಕ್ಸೆಲ್ ಕಪ್ಪು. ಓದುವಾಗ ಕಣ್ಣು ನಿಲ್ಲುವುದು ಪರದೆಯ ನಡುವಿನಲ್ಲಿ, ಅದರ ಕೆಳಗೆ ಇನ್ನೂ 750 ಪಿಕ್ಸೆಲ್ ಕಾಣುತ್ತಿರುತ್ತದೆ. ಆ ಜಾಗದೊಳಗೆ ಊ ಇಣುಕಬಾರದು, ಅದಕ್ಕೇ 1000.

ಇನ್ನು ಊ. ಇಲ್ಲಿ ಬಹಳ ಜನ ತಪ್ಪುತ್ತಾರೆ. ಸ್ಕ್ರೋಲ್‌ನಲ್ಲಿ ಚಿತ್ರದ ಮೇಲಂಚು ಮೊದಲು ಬರುತ್ತದೆ. ನಿಂತ ಮನುಷ್ಯನನ್ನು ಬಿಡಿಸಿದರೆ ಮೊದಲು ತಲೆ, ಮುಖ, ಆಮೇಲೆ ಕಾಲು. ಗುಟ್ಟು ಇರುವುದೇ ಮುಖದಲ್ಲಿ, ಅದು ಮೊದಲ ಸೆಕೆಂಡಿನಲ್ಲೇ ಹೊರಬಿದ್ದು ಉಳಿದ ಚಿತ್ರ ಬಾಲದಂತೆ ಬರುತ್ತದೆ. ಎರಡು ದಾರಿಗಳಿವೆ. ಬಾಗಿಲ ಚೌಕಟ್ಟು, ರಾತ್ರಿಯ ಆಕಾಶ ಮೇಲೆ ಬರುವಂತೆ ಬಿಡಿಸಿ ಮುಖವನ್ನು ಪ್ಯಾನೆಲ್‌ನ ಕೆಳಗಿನ ಮೂರನೇ ಒಂದು ಭಾಗಕ್ಕೆ ಇಳಿಸುವುದು. ಅಥವಾ ಮೂರಾಗಿ ಒಡೆಯುವುದು: ಕೆಸರು ಮೆತ್ತಿದ ಕಾಲು, ನಡುಗುವ ಕೈ, ಕೊನೆಗೆ ಮುಖ. ಸಿನಿಮಾದ ಕ್ಯಾಮೆರಾದಂತೆ ಕಾಲಿನಿಂದ ಮೇಲಕ್ಕೆ ಏರುವುದು ಒಂದೇ ಉದ್ದನೆಯ ಪ್ಯಾನೆಲ್‌ನಲ್ಲಿ ಸಾಧ್ಯವಿಲ್ಲ, ಸ್ಕ್ರೋಲ್‌ನಲ್ಲಿ ಓದು ಸಾಗುವುದು ಮೇಲಿನಿಂದ ಕೆಳಕ್ಕೆ ಮಾತ್ರ.

ಸಾಮಾಜಿಕ ಜಾಲತಾಣಗಳಲ್ಲಿ ಪಕ್ಕಕ್ಕೆ ತಳ್ಳಿ ಓದುವ ಪೋಸ್ಟ್‌ಗಳ ಬಗ್ಗೆ ಎರಡು ಮಾತು: 1080 × 1350ರ ಒಂದೊಂದು ಚಿತ್ರವೂ ಒಂದೊಂದು ಪುಟ, ಪ್ರತಿ ಸಲ ತಳ್ಳಿದಾಗಲೂ ಪುಟ ತಿರುವಿದ ಪರಿಣಾಮ ಸಿಗುತ್ತದೆ. ಅಲ್ಲಿ ಬೆಸ–ಸಮದ ಚಿಂತೆಯಿಲ್ಲ. ಒಂದು ಚಿತ್ರದಲ್ಲಿ ಎರಡು ಮೂರು ಪ್ಯಾನೆಲ್‌ಗಿಂತ ಹೆಚ್ಚು ತುರುಕಬೇಡಿ.

ಹಂತ 5: ಮಾತಿನ ಗುಳ್ಳೆ ಮತ್ತು ಕನ್ನಡ ಅಕ್ಷರ

ಗುಳ್ಳೆಗಳನ್ನು ಥಂಬ್‌ನೇಲ್ ಹಂತದಲ್ಲೇ ಇಡಿ. ಚಿತ್ರ ಮುಗಿದ ಮೇಲೆ ಜಾಗ ಹುಡುಕಿದರೆ ಯಾರದೋ ತಲೆಯ ಮೇಲೆ ಕೂರಿಸಬೇಕಾಗುತ್ತದೆ. ಪುಟದಲ್ಲಿ ಮೊದಲು ಮಾತಾಡುವವರು ಎಡಗಡೆ ಇರಲಿ, ಅವರ ಗುಳ್ಳೆ ಮೇಲಿರಲಿ. ಸ್ಕ್ರೋಲ್‌ನಲ್ಲಿ ಎಡ–ಬಲ ಅಷ್ಟು ಮುಖ್ಯವಲ್ಲ, ಯಾವ ಗುಳ್ಳೆ ಮೇಲಿದೆಯೋ ಅದೇ ಮೊದಲು. ಆದ್ದರಿಂದ ಎರಡು ಗುಳ್ಳೆಗಳನ್ನು ಒಂದೇ ಎತ್ತರದಲ್ಲಿ ಅಕ್ಕಪಕ್ಕ ಇಡಬೇಡಿ. ಉದ್ದದ ಮಾತಿದ್ದರೆ ಗುಳ್ಳೆಯನ್ನು ಖಾಲಿ ಜಾಗಕ್ಕೆ ಇಳಿಬಿಡಿ, ಚಿತ್ರ ಮುಚ್ಚುವುದಿಲ್ಲ, ಕಣ್ಣೂ ಮುಂದಿನ ಪ್ಯಾನೆಲ್‌ಗೆ ಇಳಿಯುತ್ತದೆ.

ಅಕ್ಷರದ ಗಾತ್ರ: ಅಚ್ಚಿನಲ್ಲಿ 8–9 ಪಾಯಿಂಟ್. ಸುಮಾರು 7 ಸೆಂ.ಮೀ. ಅಗಲದ ಮೊಬೈಲ್ ಪರದೆಯಲ್ಲಿ 800 ಅಗಲದ ಚಿತ್ರದ 30 ಪಿಕ್ಸೆಲ್ ಅಕ್ಷರ ಹೆಚ್ಚುಕಮ್ಮಿ ಏಳೂವರೆ ಪಾಯಿಂಟ್‌ನಷ್ಟು ಕಾಣುತ್ತದೆ. ಅದಕ್ಕಿಂತ ಕೆಳಗಿಳಿಯಬೇಡಿ, 32–34 ಇನ್ನೂ ಆರಾಮ. ಎ4 ಪುಟವನ್ನು ಹಾಗೇ ಮೊಬೈಲ್‌ಗೆ ಹಾಕಿದಾಗ ಓದುಗರು ಓಡಿಹೋಗುವುದು ಇದಕ್ಕೇ: 21 ಸೆಂ.ಮೀ. ಅಗಲ 7ಕ್ಕೆ ಕುಗ್ಗಿ, 9 ಪಾಯಿಂಟ್ ಅಕ್ಷರ 3 ಪಾಯಿಂಟ್ ಆಗಿರುತ್ತದೆ.

ಕನ್ನಡಕ್ಕೆ ಒತ್ತಕ್ಷರಗಳ ಕಾರಣ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. ಅಕ್ಷರದ ಗಾತ್ರದ 140–150 ಶೇಕಡಾ ಇಡಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಮ್ಮ ಪದಗಳೂ ಉದ್ದ. "ಹೋಗಬೇಕಾಗಿತ್ತಲ್ಲವೇ" ಎನ್ನುವುದನ್ನು ಕಿರಿದಾದ ಎತ್ತರದ ಗುಳ್ಳೆಯಲ್ಲಿ ನಡುವೆ ಮುರಿಯದೆ ಕೂರಿಸಲಾಗದು. ಅಡ್ಡಗಲದ ಗುಳ್ಳೆ ಮಾಡಿ, ಒಂದಕ್ಕೆ 12–15 ಪದ ಮೀರದಿರಲಿ.

ತಂತ್ರಾಂಶವನ್ನು ನಂಬುವ ಮುಂಚೆ "ಸ್ತ್ರೀ, ರಾಷ್ಟ್ರ, ಕರ್ತೃ, ಉಜ್ಜ್ವಲ" ಎಂದು ಟೈಪ್ ಮಾಡಿ ನೋಡಿ. ಒತ್ತುಗಳು ಬಿಡಿಬಿಡಿಯಾಗಿ ಪಕ್ಕಕ್ಕೆ ಬಂದರೆ ಆ ಆ್ಯಪ್‌ನಲ್ಲಿ ಅಕ್ಷರದ ಕೆಲಸ ಮಾಡಬೇಡಿ. ಇಂಕ್‌ಸ್ಕೇಪ್ ಉಚಿತ, ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ವರ್ಲ್ಡ್-ರೆಡಿ ಲೇಔಟ್, ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡಿಕೊಳ್ಳಬೇಕು. ಬಾಲೂ ತಮ್ಮ 2, ಅನೇಕ್ ಕನ್ನಡ, ಅಕಾಯ ಕನಡಕ ಉಚಿತವಾಗಿ ಸಿಗುವ ಯೂನಿಕೋಡ್ ಫಾಂಟ್‌ಗಳು. ಮೊದಲೆರಡರಲ್ಲಿ ದಪ್ಪ–ತೆಳುವಿನ ಹಲವು ಬಗೆಗಳಿರುವುದರಿಂದ ಕಿರುಚುವ ಮಾತಿಗೂ ಪಿಸುಮಾತಿಗೂ ಒದಗುತ್ತವೆ.

ಹಂತ 6: ಒಂದರಿಂದ ಇನ್ನೊಂದಕ್ಕೆ ಬದಲಿಸುವುದು

ಶುರುವಿನಿಂದಲೇ ಎರಡು ಅಭ್ಯಾಸ ಬೆಳೆಸಿಕೊಂಡರೆ ಇಲ್ಲಿ ಅರ್ಧ ಕೆಲಸ ಉಳಿಯುತ್ತದೆ: ಮಾತಿನ ಗುಳ್ಳೆಗಳು ಬೇರೆ ಲೇಯರ್‌ನಲ್ಲಿರಲಿ, ಪ್ರತಿ ಚಿತ್ರವನ್ನೂ ಚೌಕಟ್ಟಿನಾಚೆಗೆ 10–15 ಶೇಕಡಾ ಹೆಚ್ಚು ಬಿಡಿಸಿ, ಹೆಚ್ಚಿನದನ್ನು ಅಳಿಸದೆ ಮರೆಮಾಡಿಡಿ.

ಪುಟದಿಂದ ಸ್ಕ್ರೋಲ್‌ಗೆ ಹೋಗುವಾಗ ತೊಂದರೆ ಕೊಡುವುದು ಅಡ್ಡ ಪ್ಯಾನೆಲ್‌ಗಳು. ಪುಟದಗಲಕ್ಕೆ ಭರ್ಜರಿಯಾಗಿದ್ದ 2:1ರ ಪ್ಯಾನೆಲ್ ಇಲ್ಲಿ 800 × 400 ಆಗಿ ಪಟ್ಟಿಯಂತಾಗುತ್ತದೆ. ಅದನ್ನು ಎರಡಾಗಿ ಕತ್ತರಿಸಿ ಒಂದರ ಕೆಳಗೊಂದು ಇಡಿ, ಇಲ್ಲವೇ ಮೇಲೆ ಆಕಾಶ, ಕೆಳಗೆ ನೆಲ ಬೆಳೆಸಿ ಎತ್ತರ ಮಾಡಿ. ಎರಡು ಪುಟ ತುಂಬುವ ಚಿತ್ರವನ್ನಂತೂ ಹೊಸದಾಗಿ ಬಿಡಿಸುವುದೇ ಲೇಸು.

ಸ್ಕ್ರೋಲ್‌ನಿಂದ ಪುಟಕ್ಕೆ ಬರುವಾಗ ಕಷ್ಟ ಬೇರೆ. 40 ಪ್ಯಾನೆಲ್‌ಗಳ ಕಂತನ್ನು ಪುಟಕ್ಕೆ 5ರಂತೆ ಹಂಚಿದರೆ 8 ಪುಟ ಎಂದು ಲೆಕ್ಕ ಹೇಳುತ್ತದೆ, ಆದರೆ ಖಾಲಿ ಜಾಗದಲ್ಲಿದ್ದ ಮೌನವೆಲ್ಲ ಆವಿಯಾಗಿ ಕತೆ ದಡಬಡ ಓಡತೊಡಗುತ್ತದೆ. ಆ ಮೌನಕ್ಕೆ ಪುಟದಲ್ಲಿ ಬೇರೆ ರೂಪ ಕೊಡಬೇಕು: ಮಾತಿಲ್ಲದ ಒಂದು ಪ್ಯಾನೆಲ್, ಪುಟದಗಲದ ಖಾಲಿ ಸಾಲು, ಅಥವಾ ಪುಟ ತಿರುವು. 10–12 ಪುಟಕ್ಕೆ ಜಾಗ ಇಟ್ಟುಕೊಳ್ಳಿ. ಉದ್ದನೆಯ ಪ್ಯಾನೆಲ್‌ಗಳು ಪುಟದ ಎಡ ಅಂಚಿನಲ್ಲಿ ಮೇಲಿನಿಂದ ಕೆಳಗಿನ ತನಕ ಚೆನ್ನಾಗಿ ಕೂರುತ್ತವೆ.

ಬಣ್ಣವೂ ಮೋಸ ಮಾಡುತ್ತದೆ. ಪರದೆಯಲ್ಲಿ ಹೊಳೆಯುವ ನೀಲಿ, ಗಿಳಿಹಸಿರುಗಳನ್ನು ಸಿಎಂವೈಕೆ, ಅಂದರೆ ಅಚ್ಚಿನ ನಾಲ್ಕು ಶಾಯಿಗಳು, ತರಲಾರವು; ಮಂಕಾಗುತ್ತವೆ. ಪರದೆಯಲ್ಲಿ ಚೆಂದ ಕಂಡ ರಾತ್ರಿಯ ದೃಶ್ಯ ಅಚ್ಚಿನಲ್ಲಿ ಕಪ್ಪು ಮುದ್ದೆಯಾಗುವುದುಂಟು. ಅಂಥ ಒಂದು ಪುಟವನ್ನು ಮೊದಲು ಮಾದರಿಯಾಗಿ ಅಚ್ಚು ಹಾಕಿಸಿ ನೋಡಿ. ಮಾತಿನ ಅಕ್ಷರಗಳು ಕಪ್ಪು ಶಾಯಿಯೊಂದರಲ್ಲೇ ಇರಲಿ. ನಾಲ್ಕೂ ಶಾಯಿ ಸೇರಿದ ಕಪ್ಪಾದರೆ, ಅಚ್ಚು ಕೂದಲೆಳೆಯಷ್ಟು ಸರಿದರೂ ಅಕ್ಷರದ ಸುತ್ತ ಬಣ್ಣದ ನೆರಳು ಕಾಣುತ್ತದೆ.

ಹಂತ 7: ತುಂಡು ಮಾಡುವುದು, ಪರೀಕ್ಷಿಸುವುದು

ಸ್ಕ್ರೋಲ್ ಪಟ್ಟಿಯನ್ನು ತುಂಡು ಮಾಡುವಾಗ ಆದಷ್ಟೂ ಖಾಲಿ ಜಾಗದಲ್ಲೇ ಕತ್ತರಿಸಿ. ನೆಟ್‌ವರ್ಕ್ ನಿಧಾನವಿದ್ದರೆ ಮುಖದ ಅರ್ಧ ಮೊದಲು ಬಂದು ಇನ್ನರ್ಧಕ್ಕೆ ಕಾಯಬೇಕಾಗುತ್ತದೆ. ಎರಡು ತುಂಡು ಸೇರುವಲ್ಲಿ ಕೂದಲೆಳೆಯ ಗೆರೆಯೂ ಕಾಣಬಹುದು. 1280ಕ್ಕಿಂತ ಉದ್ದದ ಪ್ಯಾನೆಲ್ ಇದ್ದರೆ ಆಕಾಶ, ಗೋಡೆಯಂಥ ಜಾಗದಲ್ಲಿ ಕತ್ತರಿಸಿ, ಗುಳ್ಳೆಯ ನಡುವೆ ಎಂದೂ ಬೇಡ. 800ಕ್ಕೆ ಇಳಿಸಿದ ಮೇಲೆ ತುಂಡು ಮಾಡಿ. ಮೊದಲೇ ತುಂಡು ಮಾಡಿ ಆಮೇಲೆ ಇಳಿಸಿದರೆ ಎತ್ತರ ಪೂರ್ಣಾಂಕಕ್ಕೆ ಬರದೆ ಅಂಚುಗಳು ಮಸುಕಾಗುತ್ತವೆ.

ಪರೀಕ್ಷೆ ಮಾತ್ರ ಕೊನೆಯ ತನಕ ಕಾಯಬಾರದು, ಥಂಬ್‌ನೇಲ್ ಆದ ದಿನವೇ ಮಾಡಿ. ಪುಸ್ತಕಕ್ಕಾದರೆ ಹಾಳೆಗಳನ್ನು ಮಡಚಿ ಪಿನ್ ಹೊಡೆದು, ಕರಡು ಪುಟಗಳನ್ನು ಅಂಟಿಸಿ, ನಿಜವಾಗಿ ತಿರುವಿ ನೋಡಿ. ಸ್ಕ್ರೋಲ್‌ಗಾದರೆ ಕರಡನ್ನು ಒಂದೇ ಉದ್ದದ ಚಿತ್ರ ಮಾಡಿ ಮೊಬೈಲ್‌ಗೆ ಹಾಕಿ, ಕತೆ ಗೊತ್ತಿಲ್ಲದ ಒಬ್ಬರ ಕೈಗೆ ಕೊಡಿ. ನೀವು ಬಾಯಿ ತೆರೆಯಬೇಡಿ, ಅವರ ಹೆಬ್ಬೆರಳನ್ನೇ ನೋಡುತ್ತಿರಿ. ಬೆರಳು ಹಿಂದಕ್ಕೆ ಹೋದ ಕಡೆ ಕ್ರಮ ಅರ್ಥವಾಗಿಲ್ಲ ಅಥವಾ ಮಾತು ತಪ್ಪಿಹೋಗಿದೆ. ನಿಲ್ಲದೆ ಸರಸರ ತಳ್ಳಿದ ಕಡೆ ಖಾಲಿ ಜಾಗ ಹೆಚ್ಚಾಗಿದೆ. ಗುಟ್ಟು ಒಡೆಯುವ ಮುಂಚೆ ಬೆರಳು ನಿಧಾನವಾಗದಿದ್ದರೆ ಆ ಜಾಗಕ್ಕೆ ಇನ್ನೊಂದು 200–300 ಪಿಕ್ಸೆಲ್ ಸೇರಿಸಿ, ಬೇರೊಬ್ಬರಿಗೆ ಕೊಟ್ಟು ನೋಡಿ.